ಕ್ಯಾಮೆರಾ ಹಾಕುವ ಸಹಿ, ಛಾಯಾಗ್ರಾಹಕ ಹೊರುವ ಹೊಣೆ

2025ರ ಆಗಸ್ಟ್ ಕೊನೆಯಲ್ಲಿ ನಿಕಾನ್ ಕಂಪನಿ ತನ್ನ ಝಡ್6 III ಕ್ಯಾಮೆರಾಕ್ಕೆ ಹೊಸ ಸಾಫ್ಟ್‌ವೇರ್ ಕೊಟ್ಟಿತು. ತೆಗೆದ ಚಿತ್ರಕ್ಕೆ ಕ್ಯಾಮೆರಾದ ಒಳಗೇ ಡಿಜಿಟಲ್ ಸಹಿ ಬೀಳುವ ಏರ್ಪಾಡು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಬಳಕೆದಾರರೊಬ್ಬರು ಅದರ ಬಿರುಕನ್ನು ತೋರಿಸಿದರು. ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಸೌಲಭ್ಯವನ್ನು ಬಳಸಿ, ಬೇರೆ ಕ್ಯಾಮೆರಾದಲ್ಲಿ ತೆಗೆದ, ಯಾವ ಸಹಿಯೂ ಇಲ್ಲದ ಚಿತ್ರಕ್ಕೂ ಅಸಲಿ ಎಂಬ ಮುದ್ರೆ ಒತ್ತಿಸಬಹುದಿತ್ತು. ಸೆಪ್ಟೆಂಬರಿನಲ್ಲಿ ಕಂಪನಿ ಆ ಸೇವೆಯನ್ನು ನಿಲ್ಲಿಸಿತು. ಸಹಿ ನಂಬಲರ್ಹ ಎಂದು ಸಾರಲು ಅದುವರೆಗೆ ಕೊಟ್ಟಿದ್ದ ಡಿಜಿಟಲ್ ಪ್ರಮಾಣಪತ್ರಗಳನ್ನೆಲ್ಲ ರದ್ದು ಮಾಡಿತು.

ಸುದ್ದಿ ಓದಿದವರಿಗೆ ಗೊಂದಲವಾದದ್ದು ಸಹಜ. ಕೃತಕ ಬುದ್ಧಿಮತ್ತೆ ಯಾವ ದೃಶ್ಯವನ್ನೂ ಹುಟ್ಟಿಸಬಲ್ಲ ಕಾಲದಲ್ಲಿ ನಂಬಿಕೆಗೆ ಕ್ಯಾಮೆರಾದ ಸಹಿಯೇ ದಾರಿ ಎಂದು ಕೆಲವು ವರ್ಷಗಳಿಂದ ಹೇಳುತ್ತ ಬರಲಾಗಿದೆ. ಆ ಸಹಿಯೇ ಮೋಸ ಹೋಗುವುದಾದರೆ ಬೆಳಿಗ್ಗೆ ಪತ್ರಿಕೆಯ ಮುಖಪುಟದಲ್ಲಿ ಕಾಣುವ ಚಿತ್ರವನ್ನು ಯಾವ ಆಧಾರದ ಮೇಲೆ ನಂಬಬೇಕು?

ಉತ್ತರ ಹುಡುಕಬೇಕಾದದ್ದು ಪತ್ರಿಕಾ ಛಾಯಾಗ್ರಾಹಕರ ದಿನನಿತ್ಯದ ಕೆಲಸದಲ್ಲಿ. ಗಡಿಯಾರ ಸರಿಪಡಿಸುವುದು, ಹೆಸರು ಕೇಳಿ ಬರೆದುಕೊಳ್ಳುವುದು, ಅಡಿಬರಹ ಹಾಕುವುದು, ಮೂಲ ಫೈಲ್ ಕಾಪಾಡುವುದು ಹೊರಗಿನವರಿಗೆ ಕಾಣದ ಕೆಲಸಗಳು. ಆದರೆ ಚಿತ್ರವೊಂದು ಸುದ್ದಿಯಾಗುವುದು ಇವುಗಳಿಂದಲೇ. ಕ್ಯಾಮೆರಾದ ಸಹಿ ಈ ಸರಪಳಿಯ ಒಂದು ಕೊಂಡಿ ಮಾತ್ರ. ಅದು ಬಲವಾಗುತ್ತಿರುವ ಹೊತ್ತಿಗೇ ಉಳಿದ ಕೊಂಡಿಗಳು ಸಡಿಲವಾಗುತ್ತಿವೆ.

ಸಹಿ ಹೇಳುವುದೆಷ್ಟು

ಅಡೋಬಿ, ಬಿಬಿಸಿ, ಇಂಟೆಲ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳು ಸೇರಿ 2021ರ ಫೆಬ್ರವರಿಯಲ್ಲಿ ಸಿ2ಪಿಎ ಎಂಬ ಒಕ್ಕೂಟ ಕಟ್ಟಿದವು. ಚಿತ್ರ ಎಲ್ಲಿ ಹುಟ್ಟಿತು, ಆಮೇಲೆ ಅದಕ್ಕೆ ಏನೇನು ಮಾಡಲಾಯಿತು ಎಂಬ ದಾಖಲೆಯನ್ನು ಚಿತ್ರದ ಜೊತೆಗೇ ಕಟ್ಟಿಹಾಕುವ ಮಾನದಂಡವನ್ನು ಅದು ರೂಪಿಸಿತು. 2023ರ ಅಕ್ಟೋಬರಿನಲ್ಲಿ ಬಂದ ಲೈಕಾ ಎಂ11-ಪಿ ಈ ಸೌಲಭ್ಯವನ್ನು ಹೊತ್ತು ಬಂದ ಮೊದಲ ಕ್ಯಾಮೆರಾ. ಸೋನಿ ಕಂಪನಿ ಆಯ್ದ ಸುದ್ದಿಸಂಸ್ಥೆಗಳಿಗೆ ತನ್ನದೇ ವ್ಯವಸ್ಥೆ ಕೊಟ್ಟಿತು.

ಕೆಲಸದ ಬಗೆ ಹೀಗೆ: ಶಟರ್ ಒತ್ತಿದಾಗ ಉಂಟಾಗುವ ಫೈಲಿನ ಬೈಟುಗಳಿಂದ ಒಂದು ಗಣಿತದ ಗುರುತು ತಯಾರಾಗುತ್ತದೆ. ಕ್ಯಾಮೆರಾದೊಳಗೆ ಭದ್ರವಾಗಿರುವ ಗುಪ್ತ ಕೀಲಿಯಿಂದ ಆ ಗುರುತಿಗೆ ಸಹಿ ಬೀಳುತ್ತದೆ. ಮುಂದೆ ಫೈಲಿನ ಒಂದು ಬೈಟ್ ಬದಲಾದರೂ ಗುರುತು ಹೊಂದಿಕೆಯಾಗುವುದಿಲ್ಲ.

ಇಷ್ಟರಿಂದ ತಿಳಿಯುವುದು ಒಂದೇ ಸಂಗತಿ: ಈ ಫೈಲ್ ಇಂಥ ಕ್ಯಾಮೆರಾದಿಂದ ಬಂದಿದೆ, ಬಂದ ಮೇಲೆ ಬದಲಾಗಿಲ್ಲ. ಲೆನ್ಸಿನ ಮುಂದೆ ನಡೆದದ್ದು ನಿಜವಾದ ಘಟನೆಯೋ ಛಾಯಾಗ್ರಾಹಕ ಹೇಳಿ ಮಾಡಿಸಿದ್ದೋ ಎಂಬುದು ಸಹಿಗೆ ಗೊತ್ತಿಲ್ಲ. ಚಿತ್ರದಲ್ಲಿರುವವರ ಹೆಸರು ಗೊತ್ತಿಲ್ಲ. ಅಳುತ್ತಿರುವ ವ್ಯಕ್ತಿ ಮನೆ ಕಳೆದುಕೊಂಡು ಅಳುತ್ತಿದ್ದಾನೋ ಹೊಗೆಯಿಂದ ಕಣ್ಣುರಿದು ನೀರು ಬಂತೋ ಅದಕ್ಕೆ ತಿಳಿಯದು. ಪರದೆಯ ಮೇಲೆ ತೋರಿಸಿದ ನಕಲಿ ಚಿತ್ರವನ್ನೇ ಅಸಲಿ ಕ್ಯಾಮೆರಾದಲ್ಲಿ ತೆಗೆದರೂ ಸಹಿ ಸರಿಯಾಗಿಯೇ ಬೀಳುತ್ತದೆ. ಅದನ್ನು ಪತ್ತೆಹಚ್ಚಲೆಂದೇ ಸೋನಿ ತನ್ನ ವ್ಯವಸ್ಥೆಯಲ್ಲಿ ದೃಶ್ಯದ ಆಳದ ಮಾಹಿತಿಯನ್ನೂ ದಾಖಲಿಸುತ್ತದೆ.

ನಿಕಾನ್ ಪ್ರಕರಣದಲ್ಲಿ ಕಡಿಮೆ ಚರ್ಚೆಯಾದ ಅಂಶವೊಂದಿದೆ. ಪ್ರಮಾಣಪತ್ರ ರದ್ದಾದಾಗ ಅದರ ಅಡಿಯಲ್ಲಿ ಪ್ರಾಮಾಣಿಕವಾಗಿ ತೆಗೆದ ಚಿತ್ರಗಳೂ ತಮ್ಮ ಮುದ್ರೆ ಕಳೆದುಕೊಂಡವು. ಅಂಥ ಚಿತ್ರದ ಪರ ಈಗ ಮಾತಾಡಬಲ್ಲವು ಮೂಲ ಫೈಲ್, ಅಡಿಬರಹ ಮತ್ತು ತೆಗೆದವರ ಹೆಸರು, ಇಷ್ಟೇ.

ಹೊರಡುವ ಮುನ್ನ

ಅಸೈನ್‌ಮೆಂಟ್ ಚೀಟಿಯಲ್ಲಿ ನಾಲ್ಕೈದು ಸಾಲು ಇರುತ್ತದೆ: ಕಾರ್ಯಕ್ರಮ, ಜಾಗ, ಹೊತ್ತು, ಸಂಪರ್ಕದ ವ್ಯಕ್ತಿ, ಜೊತೆಗೆ ಹೋಗುವ ವರದಿಗಾರ. ಉಳಿದದ್ದನ್ನು ಛಾಯಾಗ್ರಾಹಕರೇ ಊಹಿಸಿಕೊಳ್ಳಬೇಕು. ಆ ಹೊತ್ತಿಗೆ ಸೂರ್ಯ ಯಾವ ಕಡೆ ಇರುತ್ತಾನೆ, ಪಾಸ್ ಯಾವ ಬಾಗಿಲಿಗೆ, ಪುಟಕ್ಕೆ ಅಡ್ಡ ಚಿತ್ರ ಬೇಕೋ ಉದ್ದ ಚಿತ್ರ ಬೇಕೋ, ಡೆಸ್ಕಿಗೆ ಕೊನೆಯ ಗಡುವು ಎಷ್ಟು ಹೊತ್ತಿಗೆ.

ಚೀಲದಲ್ಲಿ ಸಾಮಾನ್ಯವಾಗಿ ಎರಡು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇರುತ್ತವೆ. ಒಂದಕ್ಕೆ 24-70 ಮಿ.ಮೀ., ಇನ್ನೊಂದಕ್ಕೆ 70-200 ಮಿ.ಮೀ. ಲೆನ್ಸ್, ಎರಡೂ ಎಫ್ 2.8, ಅಂದರೆ ಹೆಚ್ಚು ಬೆಳಕು ಒಳಬಿಡುವಂಥವು. ಇಕ್ಕಟ್ಟಾದ ಕೋಣೆಗೆ 16-35, ಮೈದಾನಕ್ಕೆ 300 ಅಥವಾ 400 ಮಿ.ಮೀ. ಈ 400ರ ತೂಕವೇ ಸುಮಾರು 3 ಕೆ.ಜಿ.; ಅದಕ್ಕೇ ಒಂಟಿಕಾಲಿನ ಮಾನೋಪಾಡ್. ಎರಡು ಬಾಡಿ ಒಯ್ಯುವುದು ಒಂದು ಕೆಟ್ಟರೆ ಇನ್ನೊಂದಿರಲಿ ಎಂದಷ್ಟೇ ಅಲ್ಲ. ಲೆನ್ಸ್ ಬದಲಿಸಲು ಹಿಡಿಯುವ ಹತ್ತು ಸೆಕೆಂಡಿನಲ್ಲೇ ಘಟನೆ ಮುಗಿದಿರುತ್ತದೆ, ಧೂಳಿನ ನಡುವೆ ಬದಲಿಸಿದರೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಕಲೆ ಕೂರುತ್ತದೆ.

ಎಲ್ಲಕ್ಕಿಂತ ಸಣ್ಣದೆನಿಸುವ, ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಕೆಲಸ ಎರಡೂ ಬಾಡಿಗಳ ಗಡಿಯಾರವನ್ನು ಸೆಕೆಂಡಿನವರೆಗೆ ಹೊಂದಿಸುವುದು. ಕ್ಯಾಮೆರಾದ ಗಡಿಯಾರ ತಿಂಗಳಿಗೆ ಕೆಲವು ಸೆಕೆಂಡು ಜಾರುತ್ತದೆ. ಬೇರೆ ಕಾಲವಲಯದ ಊರಿಗೆ ಹೋದರೆ ಗಂಟೆಗಳೇ ತಪ್ಪುತ್ತವೆ. ದೂರದ ಲೆನ್ಸ್ ಹಾಕಿದ ಬಾಡಿ ಮೂರು ನಿಮಿಷ ಹಿಂದಿದೆ ಎಂದುಕೊಳ್ಳಿ. ಚಿತ್ರಗಳನ್ನು ಸಮಯದ ಪ್ರಕಾರ ಜೋಡಿಸಿದಾಗ, ದೂರದ ಲೆನ್ಸಿನಲ್ಲಿ ಸಿಕ್ಕ ಲಾಠಿ ಏಟು ಹತ್ತಿರದ ಲೆನ್ಸಿನಲ್ಲಿ ಸಿಕ್ಕ ಕಲ್ಲು ತೂರಾಟಕ್ಕಿಂತ ಮೊದಲು ನಡೆದಂತೆ ಕಾಣುತ್ತದೆ. ಯಾರು ಮೊದಲು ಕೈ ಎತ್ತಿದರು ಎಂಬುದೇ ವಿವಾದವಾದ ದಿನ ಈ ಮೂರು ನಿಮಿಷ ವರದಿಯ ಅರ್ಥವನ್ನೇ ತಿರುಗಿಸುತ್ತದೆ. ಚಿತ್ರದ ಒಂದು ಚುಕ್ಕೆಯನ್ನೂ ಯಾರೂ ತಿದ್ದಿಲ್ಲ; ಆದರೂ ಓದುಗರಿಗೆ ಸುಳ್ಳು ತಲುಪಿದೆ.

ಸ್ಥಳದಲ್ಲಿ

ಸಭಾಂಗಣದ ಭಾಷಣ ಸುಲಭದ ಕೆಲಸವೆಂದು ಹೊರಗಿನವರಿಗೆ ಅನ್ನಿಸುತ್ತದೆ. ಮೈಕು ಬಾಯಿಯನ್ನು ಮುಚ್ಚುತ್ತದೆ, ಮಾತಾಡುವವರು ಪದೇಪದೇ ಕಾಗದ ನೋಡುತ್ತಾರೆ, ಹಿಂದಿನ ಬ್ಯಾನರಿನ ಅಕ್ಷರ ತಲೆಯಿಂದ ಮೊಳೆತಂತೆ ಕಾಣುತ್ತದೆ. ಎಡಕ್ಕೆ ಎರಡು ಹೆಜ್ಜೆ ಸರಿದರೆ ಮೂರೂ ಸರಿಹೋಗಬಹುದು, ಆದರೆ ಅಲ್ಲಿ ಟಿ.ವಿ. ಕ್ಯಾಮೆರಾಗಳ ಸಾಲು ನಿಂತಿರುತ್ತದೆ. ಶಟರ್ ಸೆಕೆಂಡಿನ 1/250ರ ಆಸುಪಾಸು, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒ 3200 ಅಥವಾ 6400.

ಎಲ್‌ಇಡಿ ದೀಪ ಬಂದ ಮೇಲೆ ಹೊಸ ಕಾಟ ಶುರುವಾಗಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲುಗಳಿಗೆ ದೀಪ ಉರಿದ ಗಳಿಗೆ, ಕೆಲವಕ್ಕೆ ಮಂಕಾದ ಗಳಿಗೆ ಸಿಗುತ್ತದೆ. ಮುಖದ ಮೇಲೆ ಅಡ್ಡ ಪಟ್ಟಿಗಳು ಮೂಡುತ್ತವೆ. 1/100ಕ್ಕೆ ಇಳಿದರೆ ಪಟ್ಟಿ ಹೋಗುತ್ತದೆ, ಅಲುಗುವ ಕೈ ಮಸುಕಾಗುತ್ತದೆ. ಇಡೀ ಸೆನ್ಸರನ್ನು ಒಂದೇ ಕ್ಷಣಕ್ಕೆ ಓದುವ ಗ್ಲೋಬಲ್ ಶಟರ್ 2023ರಲ್ಲಿ ಪ್ರಕಟವಾದ ಸೋನಿ ಎ9 III ಮೂಲಕ ಬಂತು. ಅದರಿಂದ ಅಡ್ಡ ಪಟ್ಟಿ ಇಲ್ಲವಾಯಿತು, ಆದರೆ ಬೆಳಕಿನ ಏರಿಳಿತ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಉಳಿಯಬಹುದು.

ಅದೇ ಕ್ಯಾಮೆರಾ ಸೆಕೆಂಡಿಗೆ 120 ಚಿತ್ರ ತೆಗೆಯಬಲ್ಲದು. ಮೈದಾನದಲ್ಲಿ ಇದರಿಂದ ಆಗುವ ಉಪಕಾರ ದೊಡ್ಡದು. ಸುದ್ದಿಯಲ್ಲಿ ಇದಕ್ಕೊಂದು ಅಪಾಯವೂ ಇದೆ. ಯಾರ ಮುಖವನ್ನಾದರೂ ಒಂದು ಸೆಕೆಂಡಿನಲ್ಲಿ ನೂರಕ್ಕೂ ಹೆಚ್ಚು ಚೂರು ಮಾಡಿದರೆ ಅದರಲ್ಲೊಂದು ಕೋಪದಂತೆ, ಒಂದು ತೂಕಡಿಕೆಯಂತೆ, ಒಂದು ತಿರಸ್ಕಾರದಂತೆ ಕಂಡೇ ಕಾಣುತ್ತದೆ. ಕಣ್ಣು ಮಿಟುಕಿಸಿದ ಗಳಿಗೆಯನ್ನು ಆರಿಸಿ ‘ಸಭೆಯಲ್ಲಿ ನಿದ್ದೆ’ ಎಂದು ಬರೆದರೆ ಯಾವ ಡಿಜಿಟಲ್ ಸಹಿಯೂ ತಡೆಯುವುದಿಲ್ಲ. ತಡೆಯಬಲ್ಲವರು ಅಲ್ಲಿ ನಿಂತು ನೋಡಿದ ಛಾಯಾಗ್ರಾಹಕರು, ಹಿಂದಿನ ಮುಂದಿನ ಫ್ರೇಮು ಕೇಳಿ ತರಿಸಿಕೊಳ್ಳುವ ಫೋಟೊ ಎಡಿಟರು.

ಅಡಿಬರಹವೇ ಅರ್ಧ ಚಿತ್ರ

2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ, ಕೊನೆಯ ಸುತ್ತಿಗೆ ಮುಂಚಿನ ಹಂತ ತಲುಪಿದ್ದ ಚಿತ್ರಗಳಲ್ಲಿ ಸುಮಾರು 20 ಶೇಕಡ ಅತಿಯಾದ ತಿದ್ದುಪಡಿಯ ಕಾರಣಕ್ಕೆ ಹೊರಬಿದ್ದವು. ಆ ವರ್ಷ ಹೆಚ್ಚು ಸುದ್ದಿಯಾದದ್ದು ಇನ್ನೊಂದು ಪ್ರಕರಣ. ಬೆಲ್ಜಿಯಂನ ಶಾರ್ಲೆರುವಾ ನಗರದ ಬಗೆಗಿನ ಚಿತ್ರಸರಣಿಗೆ ಕೊಟ್ಟಿದ್ದ ಬಹುಮಾನವನ್ನು ಮಾರ್ಚಿನಲ್ಲಿ ಹಿಂದಕ್ಕೆ ಪಡೆಯಲಾಯಿತು. ಅದರಲ್ಲಿನ ಒಂದು ಚಿತ್ರ ಆ ನಗರದ್ದಲ್ಲ, ಬ್ರಸೆಲ್ಸ್‌ನ ಮೋಲೆನ್‌ಬೀಕ್‌ನಲ್ಲಿ ತೆಗೆದದ್ದು ಎಂದು ತಿಳಿದುಬಂದಿತ್ತು. ಬಹುಮಾನ ಕಳೆದದ್ದು ತಪ್ಪಾದ ಊರಿನ ಹೆಸರು.

ಸುದ್ದಿಸಂಸ್ಥೆಗಳಲ್ಲಿ ಅಡಿಬರಹಕ್ಕೆ ಖಚಿತವಾದ ಅಚ್ಚು ಇದೆ. ಮೊದಲ ವಾಕ್ಯ ವರ್ತಮಾನದಲ್ಲಿ: ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ದಿನ. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಎಡದಿಂದ ಬಲಕ್ಕೆ. ಎರಡನೆಯ ವಾಕ್ಯದಲ್ಲಿ ಹಿನ್ನೆಲೆ. ಛಾಯಾಗ್ರಾಹಕರು ನೋಡದ ಸಂಗತಿ ಮೊದಲ ವಾಕ್ಯಕ್ಕೆ ಬರಬಾರದು. ಬೇರೆಯವರು ಹೇಳಿದ್ದಾದರೆ ಯಾರು ಹೇಳಿದರೆಂಬುದು ಎರಡನೆಯದರಲ್ಲಿ ಇರಬೇಕು.

ಹೆಸರು ಸಂಗ್ರಹಿಸುವುದಕ್ಕೆ ಅನುಭವಿಗಳಲ್ಲಿ ರೂಢಿಯಾದ ಕ್ರಮಗಳಿವೆ. ವ್ಯಕ್ತಿಯ ಚಿತ್ರ ತೆಗೆದ ಕೂಡಲೇ ಅವರ ಗುರುತುಚೀಟಿ ಅಥವಾ ಮೇಜಿನ ಮೇಲಿನ ನಾಮಫಲಕದ ಒಂದು ಫ್ರೇಮ್ ತೆಗೆಯುವುದು. ಚೀಟಿ ಇಲ್ಲದಿದ್ದರೆ ಅವರ ಕೈಯಲ್ಲೇ ಪುಸ್ತಕದಲ್ಲಿ ಬರೆಸಿ, ಆ ಹಾಳೆಯ ಚಿತ್ರ ತೆಗೆಯುವುದು. ಕ್ಯಾಮೆರಾದಲ್ಲಿ ಧ್ವನಿ ಟಿಪ್ಪಣಿ ಸೇರಿಸುವ ಗುಂಡಿ ಇದ್ದರೆ ಹೆಸರನ್ನು ಅಲ್ಲೇ ಹೇಳಿಬಿಡುವುದು. ಚಿತ್ರ ಮತ್ತು ಹೆಸರು ಒಂದರ ಪಕ್ಕ ಒಂದು ಬಂದರೆ ರಾತ್ರಿ ಹತ್ತು ಗಂಟೆಗೆ ನೆನಪನ್ನು ನಂಬಬೇಕಾಗುವುದಿಲ್ಲ. ಅಪಘಾತ, ಸಾವು, ಬಂಧನದ ಚಿತ್ರಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು: ಆರೋಪಿಯ ಪಕ್ಕ ನಡೆದು ಬರುತ್ತಿದ್ದ ಮಫ್ತಿಯ ಪೊಲೀಸನ ಮುಖದ ಕೆಳಗೆ ಆರೋಪಿಯ ಹೆಸರು ಅಚ್ಚಾದರೆ ಮರುದಿನದ ತಿದ್ದುಪಡಿಯಿಂದ ಆ ಹಾನಿ ಅಳಿಯುವುದಿಲ್ಲ.

ಕ್ರೀಡೆಯಲ್ಲಿ ಹೆಸರು ತುಂಬುವುದನ್ನು ಸಾಫ್ಟ್‌ವೇರ್ ಮಾಡುತ್ತದೆ. ಫೋಟೊ ಮೆಕ್ಯಾನಿಕ್‌ನಂಥ ತಂತ್ರಾಂಶಕ್ಕೆ ಮೊದಲೇ ತಂಡದ ಪಟ್ಟಿ ಕೊಟ್ಟಿದ್ದರೆ ತಂಡದ ಸಂಕೇತ ಮತ್ತು ಅಂಗಿಯ ಸಂಖ್ಯೆ ಒತ್ತಿದಾಗ ಪೂರ್ತಿ ಹೆಸರು ಬರುತ್ತದೆ. ತಪ್ಪುವುದು ಎಲ್ಲಿ? ಪಟ್ಟಿ ಕಳೆದ ಋತುವಿನದ್ದಾಗಿದ್ದರೆ ಅದೇ ಸಂಖ್ಯೆ ಈಗ ಬೇರೆಯವರದ್ದು. ಅಂಗಿ ಮಡಚಿಕೊಂಡಾಗ 8 ಹೋಗಿ 6 ಅಥವಾ 3 ಕಾಣುತ್ತದೆ. ಅದಕ್ಕೇ ಒಂದೇ ಸಮನೆ ಚಿತ್ರ ತೆಗೆಯುವ ಬರ್ಸ್ಟ್ ಮುಗಿದ ಮೇಲೂ ಆಟಗಾರ ತಿರುಗುವವರೆಗೆ ಕಾದು ಬೆನ್ನಿನ ಸಂಖ್ಯೆಯ ಒಂದು ಫ್ರೇಮ್ ತೆಗೆಯುವುದು ವಾಡಿಕೆ.

ಇವೆಲ್ಲ ಕೂರುವುದು ಚಿತ್ರದ ಫೈಲಿನೊಳಗಿನ ಐಪಿಟಿಸಿ ಎಂಬ ಖಾನೆಗಳಲ್ಲಿ. 1965ರಲ್ಲಿ ಸ್ಥಾಪನೆಯಾದ ಸುದ್ದಿಸಂಸ್ಥೆಗಳ ತಾಂತ್ರಿಕ ಮಂಡಳಿಯ ಹೆಸರು ಅದು. ತೆಗೆದವರು, ದಿನಾಂಕ, ಊರು, ಶೀರ್ಷಿಕೆ, ವಿಶೇಷ ಸೂಚನೆ ಎಲ್ಲಕ್ಕೂ ಒಂದೊಂದು ಖಾನೆ. ಚಿತ್ರ ಕ್ಯಾಮೆರಾದಿಂದ ಬಂತೋ ಎಐ ಯಂತ್ರದಿಂದ ಹುಟ್ಟಿತೋ ಎಂದು ನಮೂದಿಸಲೂ ಈಗ ಖಾನೆ ಇದೆ.

ಸಹಿಯ ಕಥೆ ಎಡವುವುದು ಇಲ್ಲೇ. ಅಡಿಬರಹವನ್ನು ಫೈಲಿನೊಳಗೆ ಬರೆದರೆ ಫೈಲಿನ ಬೈಟುಗಳು ಬದಲಾಗುತ್ತವೆ. ಬೈಟು ಬದಲಾದರೆ ಕ್ಯಾಮೆರಾ ಹಾಕಿದ ಸಹಿ ಹೊಂದುವುದಿಲ್ಲ. ಬರೆಯುವ ತಂತ್ರಾಂಶ ಸಿ2ಪಿಎ ಅರಿತದ್ದಾಗಿದ್ದರೆ ‘ಅಡಿಬರಹ ಸೇರಿಸಲಾಯಿತು’ ಎಂದು ದಾಖಲಿಸಿ ಹೊಸ ಸಹಿ ಹಾಕುತ್ತದೆ. ಇಲ್ಲದಿದ್ದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಮುಂದಿನ ಘಟ್ಟ ಪತ್ರಿಕೆಯ ವೆಬ್‌ಸೈಟು: ಪುಟ ಬೇಗ ತೆರೆಯಲೆಂದು ಅದು ಚಿತ್ರವನ್ನು ಕುಗ್ಗಿಸಿ ಮತ್ತೆ ಉಳಿಸುವಾಗ ಒಳಗಿನ ಮಾಹಿತಿಯನ್ನೆಲ್ಲ ಕಿತ್ತುಹಾಕುವುದು ಸಾಮಾನ್ಯ. ಕ್ಯಾಮೆರಾ, ಅಡಿಬರಹದ ತಂತ್ರಾಂಶ, ಡೆಸ್ಕ್, ವೆಬ್‌ಸೈಟು ಎಲ್ಲವೂ ಒಟ್ಟಿಗೆ ಬದಲಾಗದ ಹೊರತು ಓದುಗರ ಫೋನಿಗೆ ಸಹಿ ಬಂದು ತಲುಪದು.

ಕಳಿಸುವ ಹತ್ತು ನಿಮಿಷ

ಹೆಚ್ಚಿನ ತಪ್ಪು ನುಸುಳುವುದು ತೆಗೆಯುವಾಗ ಅಲ್ಲ, ಕಳಿಸುವಾಗ. 800 ಫ್ರೇಮುಗಳಿಂದ ಎಂಟು ಆರಿಸಬೇಕು, ಬೇಡದ ಅಂಚು ಕತ್ತರಿಸಿ ಕ್ರಾಪ್ ಮಾಡಬೇಕು, ಅಡಿಬರಹ ಬರೆಯಬೇಕು, ಕಾರ್ಯಕ್ರಮ ಇನ್ನೂ ನಡೆಯುತ್ತಲೇ ಇರುತ್ತದೆ. ಉದ್ದನೆಯ ಬದಿ 3,000 ಪಿಕ್ಸೆಲಿನ ಸುಮಾರಿಗೆ ಇಳಿಸಿದ ಜೆಪೆಗ್ ಫೈಲ್ ಒಂದೆರಡು ಎಂಬಿ ತೂಗುತ್ತದೆ. ಸಾಮಾನ್ಯ ದಿನ ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಹೋಗುತ್ತದೆ. ಮೈದಾನದಲ್ಲಿ ಹತ್ತಾರು ಸಾವಿರ ಮೊಬೈಲುಗಳು ಅದೇ ಟವರಿಗೆ ಜೋತುಬಿದ್ದಾಗ ಹೋಗುವುದೇ ಇಲ್ಲ. ಹೀಗಾಗಿ ದೊಡ್ಡ ಮೈದಾನಗಳಲ್ಲಿ ತಂತಿ ಜೋಡಣೆ ಬೇಕೆನ್ನುತ್ತಾರೆ, ಮೆರವಣಿಗೆಗಳಲ್ಲಿ ಜನ ಸೇರುವ ಮೊದಲೇ ಒಂದು ಚಿತ್ರ ಕಳಿಸಿ ದಾರಿ ಪರೀಕ್ಷಿಸುತ್ತಾರೆ.

ಅವಸರದ ದಿನಗಳಲ್ಲಿ ಹಿಂದಿನ ಚಿತ್ರದ ಅಡಿಬರಹ ಮುಂದಿನದಕ್ಕೂ ಅಂಟಿಕೊಂಡು ಹೋಗುವುದು ಪದೇಪದೇ ಆಗುವ ಪ್ರಮಾದ. ದೂರದ ಡೆಸ್ಕಿನಲ್ಲಿ ಕೂತವರು ಚಿತ್ರ ನೋಡಿ, ಅಡಿಬರಹ ಓದಿ, ‘ಇದರಲ್ಲಿ ಮೂವರಿದ್ದಾರೆ, ನೀವು ಇಬ್ಬರ ಹೆಸರು ಕೊಟ್ಟಿದ್ದೀರಿ’ ಎಂದು ಫೋನ್ ಮಾಡುವ ವ್ಯವಸ್ಥೆ ಇದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಆ ಫೋನು ಮಾಡುವ ಹುದ್ದೆ ಇಂದು ಅನೇಕ ಕಡೆ ಇಲ್ಲ.

ರಾಯಿಟರ್ಸ್ ಸಂಸ್ಥೆ 2015ರ ನವೆಂಬರಿನಲ್ಲಿ ತನ್ನ ಫ್ರೀಲ್ಯಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲಿನಿಂದ (ಸೆನ್ಸರ್ ಹಿಡಿದ ಹಸಿ ಮಾಹಿತಿ) ಸಂಸ್ಕರಿಸಿದ ಚಿತ್ರ ಬೇಡ, ಕ್ಯಾಮೆರಾದಲ್ಲೇ ದಾಖಲಾದ ಜೆಪೆಗ್ ಕಳಿಸಿ ಎಂದು ಸೂಚಿಸಿತು. ಕೊಟ್ಟ ಕಾರಣ ಎರಡು: ವೇಗ ಮತ್ತು ನೈಜತೆ. ರಾ ಫೈಲಿನಲ್ಲಿ ಬಣ್ಣ, ನೆರಳನ್ನು ಎಷ್ಟು ಬೇಕಾದರೂ ಎಳೆದಾಡಬಹುದು; ಜೆಪೆಗ್‌ನಲ್ಲಿ ಆ ಅವಕಾಶ ಕಡಿಮೆ. ರಾ ಫೈಲನ್ನೇ ಮೂಲ ಸಾಕ್ಷ್ಯವೆಂದು ಕಾದಿಡಬೇಕೆನ್ನುವ ಛಾಯಾಗ್ರಾಹಕರು ಆಗ ಒಪ್ಪಲಿಲ್ಲ. ಎರಡು ಕಾರ್ಡ್ ಹಾಕುವ ಕ್ಯಾಮೆರಾಗಳಲ್ಲಿ ಒಂದಕ್ಕೆ ಜೆಪೆಗ್, ಇನ್ನೊಂದಕ್ಕೆ ರಾ ಬರೆಸುವುದು ಈ ಜಗಳಕ್ಕೆ ಸಿಕ್ಕ ಸರಿಯಾದ ಪರಿಹಾರ: ಜೆಪೆಗ್ ಪತ್ರಿಕೆಗೆ, ರಾ ಪ್ರಶ್ನೆ ಬಂದ ದಿನಕ್ಕೆ.

ಯಾವ ತಿದ್ದುಪಡಿ ಸರಿ, ಯಾವುದು ತಪ್ಪು

‘ಎಲ್ಲರೂ ಫೋಟೊ ತಿದ್ದುತ್ತಾರೆ, ಇದರಲ್ಲೇನು?’ ಎಂಬ ಮಾತು ಪ್ರತಿ ವಿವಾದದಲ್ಲೂ ಬರುತ್ತದೆ. ಉತ್ತರ ಕೊಡಲು ಮುದ್ರಣದ ಕಡೆಯಿಂದ ನೋಡಬೇಕು. ನ್ಯೂಸ್‌ಪ್ರಿಂಟ್ ಕಾಗದ ಶಾಯಿಯನ್ನು ಹೀರುತ್ತದೆ, ಚಿತ್ರವನ್ನು ಕಟ್ಟುವ ಶಾಯಿಯ ಚುಕ್ಕೆ ಹರಡಿಕೊಳ್ಳುತ್ತದೆ. ಪತ್ರಿಕಾ ಮುದ್ರಣದ ಅಂತರರಾಷ್ಟ್ರೀಯ ಮಾನದಂಡ ಮಧ್ಯಮ ಛಾಯೆಯಲ್ಲಿ ಸುಮಾರು 26 ಶೇಕಡ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅಂದರೆ ಪರದೆಯ ಮೇಲೆ ನಡುಬೂದು ಕಂಡದ್ದು ಕಾಗದದ ಮೇಲೆ ಕಡುಬೂದು. ಒಂದೊಂದು ಶಾಯಿಗೆ ಗರಿಷ್ಠ 100 ಶೇಕಡ ಎಂದು ಲೆಕ್ಕ ಹಿಡಿದರೆ, ನಾಲ್ಕು ಶಾಯಿಗಳ ಒಟ್ಟು ಮೊತ್ತ ಸಾಮಾನ್ಯವಾಗಿ 240 ಶೇಕಡ ಮೀರಬಾರದು. ಮೀರಿದರೆ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಆದ್ದರಿಂದ ನೆರಳಿನಲ್ಲಿರುವ ಮುಖವನ್ನು ಡೆಸ್ಕಿನವರು ಕೊಂಚ ತಿಳಿಗೊಳಿಸಲೇಬೇಕು. ಅಳತೆ ಇಳಿಸಲೇಬೇಕು: 20 ಸೆಂ.ಮೀ. ಅಗಲದ ಚಿತ್ರಕ್ಕೆ ಇಂಚಿಗೆ 200ರಂತೆ ಸುಮಾರು 1,600 ಪಿಕ್ಸೆಲ್ ಸಾಕು.

ಇವು ಸರಿಯಾದ ತಿದ್ದುಪಡಿಗಳು: ಕ್ರಾಪ್, ಬೆಳಕಿನ ಮಿತವಾದ ಹೊಂದಾಣಿಕೆ, ಬಣ್ಣದ ಸಮತೋಲ, ಸೆನ್ಸರಿನ ಧೂಳಿನ ಕಲೆ ತೆಗೆಯುವುದು. ಕ್ಯಾಮೆರಾ ಅಥವಾ ಕಾಗದದ ದೋಷವನ್ನು ಕಳೆಯಬಹುದು, ದೃಶ್ಯದಲ್ಲಿ ಇದ್ದದ್ದನ್ನು ಕಳೆಯುವಂತಿಲ್ಲ, ಇಲ್ಲದ್ದನ್ನು ಕೂಡಿಸುವಂತಿಲ್ಲ. ಅಸೋಸಿಯೇಟೆಡ್ ಪ್ರೆಸ್‌ನ ನಿಯಮ ಎಷ್ಟು ಬಿಗಿಯೆಂದರೆ ಫ್ಲ್ಯಾಷ್‌ನಿಂದ ಕೆಂಪಾದ ಕಣ್ಣನ್ನೂ ಸರಿಪಡಿಸುವಂತಿಲ್ಲ.

ಗೆರೆ ದಾಟಿದವರಿಗೆ ಆದದ್ದೇನು ಎಂಬುದೂ ದಾಖಲೆಯಲ್ಲಿದೆ. 2003ರಲ್ಲಿ ಇರಾಕ್ ಯುದ್ಧದ ಎರಡು ಫ್ರೇಮುಗಳನ್ನು ಒಂದಾಗಿ ಬೆಸೆದ ಛಾಯಾಗ್ರಾಹಕನನ್ನು ಲಾಸ್ ಏಂಜಲೀಸ್ ಟೈಮ್ಸ್ ಕೆಲಸದಿಂದ ತೆಗೆಯಿತು. 2006ರಲ್ಲಿ ಬೈರೂತಿನ ಹೊಗೆಯನ್ನು ದಟ್ಟವಾಗಿಸಿದ ಫ್ರೀಲ್ಯಾನ್ಸರ್‌ನ 920 ಚಿತ್ರಗಳನ್ನೂ ರಾಯಿಟರ್ಸ್ ತನ್ನ ಸಂಗ್ರಹದಿಂದ ಹಿಂತೆಗೆದುಕೊಂಡಿತು. 2014ರ ಜನವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್, ಸಿರಿಯಾದ ಚಿತ್ರವೊಂದರ ಮೂಲೆಯಲ್ಲಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಅಳಿಸಿದ ಫ್ರೀಲ್ಯಾನ್ಸರ್‌ನ ಜೊತೆ ಸಂಬಂಧ ಕಡಿದುಕೊಂಡಿತು. ಆತನ ಸುಮಾರು 500 ಚಿತ್ರಗಳನ್ನು ಪರಿಶೀಲಿಸಿದಾಗ ಬೇರೆ ಯಾವುದರಲ್ಲೂ ತಿದ್ದುಪಡಿ ಸಿಗಲಿಲ್ಲ. ಆದರೂ ತೀರ್ಮಾನ ಬದಲಾಗಲಿಲ್ಲ. ಅಳಿಸಿದ ವಸ್ತು ಸುದ್ದಿಗೆ ಮುಖ್ಯವಲ್ಲ ಎಂಬ ವಾದ ಒಪ್ಪಿದರೆ, ಯಾವುದು ಮುಖ್ಯ ಎಂದು ಪ್ರತಿ ಸಲ ತಿದ್ದುವವರೇ ನಿರ್ಧರಿಸಬೇಕಾಗುತ್ತದೆ. ಶಿಕ್ಷೆ ಕಠಿಣವೆನಿಸಿದರೂ ಈ ಕಾರಣಕ್ಕೆ ಅದು ನ್ಯಾಯವೇ.

ಎಐ ಬಂದ ಮೇಲೆ ಗೆರೆ ಮಸುಕಾಗಿರುವ ಜಾಗ ಬೇರೆ. ಹೆಚ್ಚು ಐಎಸ್‌ಒದಲ್ಲಿ ಬರುವ ಕಾಳುಕಾಳನ್ನು ಹಳೆಯ ವಿಧಾನಗಳು ಪಕ್ಕದ ಪಿಕ್ಸೆಲುಗಳ ಸರಾಸರಿಯಿಂದ ನಯಗೊಳಿಸುತ್ತಿದ್ದವು. ಕೆಲವು ಹೊಸ ಸಾಧನಗಳು ಚರ್ಮದ ರಂಧ್ರ, ಬಟ್ಟೆಯ ನೂಲು, ದೂರದ ಅಕ್ಷರಗಳನ್ನು ಊಹಿಸಿ ತುಂಬುತ್ತವೆ. ಚಿತ್ರ ಹಿಗ್ಗಿಸುವ ಅಂಥ ಎಐ ಸಾಧನಗಳನ್ನು ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ನಿಷೇಧಿಸಿದೆ. ಮಸುಕಾದ ನಂಬರ್ ಪ್ಲೇಟನ್ನು ಯಂತ್ರ ‘ಸ್ಪಷ್ಟ’ಗೊಳಿಸಿದರೆ ಕಾಣುವ ಅಂಕಿ ದೃಶ್ಯದಲ್ಲಿದ್ದದ್ದೆಂದು ಯಾರೂ ಹೇಳಲಾರರು.

ಕೈಗೆ ಕೊಟ್ಟ ಚಿತ್ರಗಳು

2024ರ ಮಾರ್ಚ್ 10ರಂದು ಬ್ರಿಟನ್ನಿನ ಕೆನ್ಸಿಂಗ್ಟನ್ ಅರಮನೆ ರಾಜಕುಮಾರಿ ಕೇಟ್ ಮತ್ತು ಮಕ್ಕಳ ಚಿತ್ರ ಹೊರಬಿಟ್ಟಿತು. ಅಂದೇ ಅಸೋಸಿಯೇಟೆಡ್ ಪ್ರೆಸ್, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ ಅದನ್ನು ಹಿಂತೆಗೆದುಕೊಂಡವು. ಮಗಳ ತೋಳಿನ ಅಂಚು ಹೊಂದುತ್ತಿರಲಿಲ್ಲ. ತಾನೇ ತಿದ್ದಿದ್ದಾಗಿ ಮರುದಿನ ಕೇಟ್ ಒಪ್ಪಿಕೊಂಡರು. ಅದು ಪತ್ರಿಕಾ ಛಾಯಾಗ್ರಾಹಕರು ತೆಗೆದ ಚಿತ್ರವಾಗಿರಲಿಲ್ಲ, ಅರಮನೆಯೇ ಕೊಟ್ಟದ್ದು.

ಸುದ್ದಿಮನೆಗೆ ಬರುವ ಚಿತ್ರಗಳಲ್ಲಿ ಇಂಥ ‘ಹ್ಯಾಂಡ್‌ಔಟ್’ಗಳ ಪಾಲು ದೊಡ್ಡದು. ಸರ್ಕಾರಿ ಕಚೇರಿ, ಕಂಪನಿ, ಕ್ರೀಡಾ ಮಂಡಳಿ ಎಲ್ಲಕ್ಕೂ ಈಗ ಸ್ವಂತ ಛಾಯಾಗ್ರಾಹಕರಿದ್ದಾರೆ. 2013ರ ನವೆಂಬರಿನಲ್ಲಿ ಅಮೆರಿಕದ ಸುದ್ದಿಸಂಸ್ಥೆಗಳು ಶ್ವೇತಭವನಕ್ಕೆ ಒಟ್ಟಾಗಿ ಪತ್ರ ಬರೆದು ಪ್ರತಿಭಟಿಸಿದ್ದು ಇದನ್ನೇ: ಖಾಸಗಿ ಎಂದು ಹೇಳಿ ಪತ್ರಿಕೆಯವರನ್ನು ಹೊರಗಿಟ್ಟ ಸಭೆಗಳ ಚಿತ್ರವನ್ನು ಅಧಿಕೃತ ಛಾಯಾಗ್ರಾಹಕರು ತೆಗೆದು ಹಂಚುತ್ತಿದ್ದರು. ಅಂಥ ಚಿತ್ರ ಅಸಲಿಯೇ ಇರಬಹುದು, ಸಹಿಯೂ ಇರಬಹುದು. ಆದರೆ ಯಾವ ಗಳಿಗೆ ಹೊರಬರಬೇಕು, ಯಾವುದು ಬರಬಾರದು ಎಂದು ಆರಿಸಿದವರು ಚಿತ್ರದಲ್ಲಿ ಇರುವವರೇ.

ಎರಡು ವಾದ, ಒಂದು ಹಳೆಯ ಪ್ರಕರಣ

ಸಹಿಯ ಪರ ಇರುವವರ ಮಾತಿನಲ್ಲಿ ಹುರುಳಿದೆ. ನಕಲಿಯನ್ನು ಹಿಡಿಯುವ ಸಾಧನಗಳು ಎಂದಿಗೂ ಹೊಸ ನಕಲಿಗಿಂತ ಒಂದು ಹೆಜ್ಜೆ ಹಿಂದೆ. ಅಸಲಿಗೆ ಹುಟ್ಟುವಾಗಲೇ ಗುರುತು ಕೊಟ್ಟರೆ ನಕಲಿಯ ಬೆನ್ನು ಹತ್ತುವ ಕೆಲಸ ತಗ್ಗುತ್ತದೆ. ತನ್ನ ಚಿತ್ರ ಕದ್ದು ಬೇರೆ ಸುದ್ದಿಗೆ ಅಂಟಿಸಿದಾಗ ಛಾಯಾಗ್ರಾಹಕನ ಕೈಯಲ್ಲೂ ಪುರಾವೆ ಇರುತ್ತದೆ.

ಎಚ್ಚರಿಸುವವರು ಮೂರು ಸಂಗತಿ ಹೇಳುತ್ತಾರೆ. ಸಹಿ ಇಲ್ಲದ ಚಿತ್ರವೆಲ್ಲ ಸುಳ್ಳು ಎಂಬ ತಿಳಿವಳಿಕೆ ಬೆಳೆದೀತು. ಸಂಘರ್ಷದ ಜಾಗದಲ್ಲಿ ಫೈಲಿನೊಳಗಿನ ಹೆಸರು, ಸ್ಥಳದ ಮಾಹಿತಿ ಛಾಯಾಗ್ರಾಹಕರ ಪ್ರಾಣಕ್ಕೇ ಕುತ್ತಾದೀತು. ಮಾನದಂಡದಲ್ಲಿ ಅದನ್ನು ಬಿಡಲು ಅವಕಾಶವಿದ್ದರೂ ಅವಸರದಲ್ಲಿ ಮರೆತರೆ ಹೋದ ಮಾಹಿತಿ ಮರಳಿ ಬಾರದು. ಇನ್ನು, ಯಾವ ಪ್ರಮಾಣಪತ್ರ ನಂಬಲರ್ಹ ಎಂಬ ಪಟ್ಟಿ ಕಂಪನಿಗಳ ಕೈಯಲ್ಲಿರುತ್ತದೆ.

ಇವೆರಡಕ್ಕೂ ಹಿಂದಿನ ಪ್ರಶ್ನೆಯೊಂದನ್ನು ವಿಯೆಟ್ನಾಂ ಯುದ್ಧದ ಚಿತ್ರವೊಂದು ತೋರಿಸಿಕೊಟ್ಟಿದೆ. 1972ರ ಜೂನ್ 8ರಂದು ನೇಪಾಮ್ ಬೆಂಕಿಯಿಂದ ಓಡಿಬರುವ ಬಾಲಕಿಯ ಚಿತ್ರ ನಿಕ್ ಉಟ್ ಹೆಸರಿನಲ್ಲಿ ಜಗತ್ತಿಗೆ ಗೊತ್ತು. ಅದನ್ನು ತೆಗೆದವರು ಬೇರೊಬ್ಬರು ಎಂದು ಸಾಕ್ಷ್ಯಚಿತ್ರವೊಂದು ವಾದಿಸಿದ ಮೇಲೆ, 2025ರ ಮೇ ತಿಂಗಳಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಆ ಹೆಸರನ್ನು ತಡೆಹಿಡಿಯಿತು. ಅಸೋಸಿಯೇಟೆಡ್ ಪ್ರೆಸ್ ದೀರ್ಘ ತನಿಖೆ ನಡೆಸಿ, ಹೆಸರು ಬದಲಿಸುವಷ್ಟು ಖಚಿತ ಪುರಾವೆ ಇಲ್ಲವೆಂದು ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಚಿತ್ರ ನಿಜ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅಂದಿನ ಫಿಲ್ಮಿನ ಮೇಲೆ ಕ್ಷಣದ ಗುರುತಾಗಲಿ ತೆಗೆದವರ ಹೆಸರಾಗಲಿ ಇರುತ್ತಿರಲಿಲ್ಲ, ಹಲವರ ರೋಲುಗಳು ಒಂದೇ ಕಚೇರಿಗೆ ಬರುತ್ತಿದ್ದವು. ಇಂದಿನ ಸಹಿ ವ್ಯವಸ್ಥೆ ಅಂದು ಇದ್ದಿದ್ದರೆ ಯಾವ ಕ್ಯಾಮೆರಾ ಎಂಬುದಾದರೂ ತಿಳಿಯುತ್ತಿತ್ತು. ಈ ಉಪಯೋಗವನ್ನು ಎಚ್ಚರಿಸುವವರೂ ಒಪ್ಪಬೇಕಾಗುತ್ತದೆ.

ಮುಂದೇನಾಗಬಹುದು

2013ರ ಮೇ 30ರಂದು ಶಿಕಾಗೊ ಸನ್-ಟೈಮ್ಸ್ ತನ್ನ 28 ಪೂರ್ಣಾವಧಿ ಛಾಯಾಗ್ರಾಹಕರನ್ನು ಒಂದೇ ದಿನ ಕೆಲಸದಿಂದ ತೆಗೆಯಿತು. ಪುಲಿಟ್ಜರ್ ಪ್ರಶಸ್ತಿ ಪಡೆದ ಜಾನ್ ಎಚ್. ವೈಟ್ ಅವರಲ್ಲೊಬ್ಬರು. ವರದಿಗಾರರಿಗೆ ಐಫೋನಿನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಡಲಾಯಿತು. ಅಲ್ಲಿಂದೀಚೆಗೆ ಆ ದಾರಿ ಹಿಡಿದ ಪತ್ರಿಕೆಗಳು ಹಲವು. ವರದಿಗಾರ ಒಂದು ಚಿತ್ರ ತೆಗೆಯಬಲ್ಲ. ಆದರೆ ಅದೇ ಹೊತ್ತಿಗೆ ಹೇಳಿಕೆ ಬರೆದುಕೊಳ್ಳುತ್ತ, ವೆಬ್‌ಸೈಟಿಗೆ ನಾಲ್ಕು ಸಾಲು ಕಳಿಸುತ್ತ, ನಾಮಫಲಕದ ಫ್ರೇಮ್ ತೆಗೆದು, ಬೆನ್ನಿನ ಸಂಖ್ಯೆಗೆ ಕಾದು, ಮೂಲ ಫೈಲನ್ನು ಎರಡು ಕಡೆ ಕಾಪಿ ಮಾಡಿಡಲು ಅವನಿಗೆ ಕೈ ಇರುವುದಿಲ್ಲ.

ಸಿಬ್ಬಂದಿ ಹೋದ ಜಾಗಕ್ಕೆ ಬಂದವರು ದಿನಗೂಲಿಯ ಫ್ರೀಲ್ಯಾನ್ಸರುಗಳು. ಸಹಿ ಹಾಕುವ ಹೊಸ ಬಾಡಿ ಕೊಳ್ಳುವ ವೆಚ್ಚ ಅವರ ತಲೆಯ ಮೇಲೇ ಬೀಳುತ್ತದೆ. ದೊಡ್ಡ ಸಂಸ್ಥೆಗಳು ಸಹಿಯನ್ನು ಕಡ್ಡಾಯ ಮಾಡಿದರೆ, ಹತ್ತು ವರ್ಷ ಹಳೆಯ ಕ್ಯಾಮೆರಾ ಹಿಡಿದು ಎಲ್ಲರಿಗಿಂತ ಮೊದಲು ಸ್ಥಳಕ್ಕೆ ತಲುಪಿದವರ ಚಿತ್ರ ಹೊರಗುಳಿಯುತ್ತದೆ. ಉಪಕರಣ ಕೊಳ್ಳಬಲ್ಲ ಸರ್ಕಾರಿ ಕಚೇರಿ, ಕಂಪನಿಗಳ ಹ್ಯಾಂಡ್‌ಔಟ್ ಮುದ್ರೆ ಸಮೇತ ಒಳಬರುತ್ತದೆ. ನಂಬಿಕೆ ಹೆಚ್ಚಿಸಲೆಂದು ತಂದ ನಿಯಮ ಆಗ ತಿರುವುಮುರುವಾಗುತ್ತದೆ.

ಸಹಿ ಇಲ್ಲದ ಚಿತ್ರ ಬಂದಾಗ ಡೆಸ್ಕ್ ಮಾಡಬಹುದಾದ ಪರೀಕ್ಷೆ ಇಂದಿಗೂ ಕೈಗೆಟುಕುವಂಥದ್ದೇ. ಕ್ಯಾಮೆರಾದಿಂದ ಇಳಿದ ಮೂಲ ಫೈಲ್ ಕೇಳಬೇಕು. ಅದರ ಹಿಂದಿನ ಐದು, ಮುಂದಿನ ಐದು ಫ್ರೇಮ್ ಕೇಳಬೇಕು. ಹುಟ್ಟಿಸಿದ ಚಿತ್ರಕ್ಕೆ ಹೊಂದುವಂಥ ಅಕ್ಕಪಕ್ಕದ ಫ್ರೇಮುಗಳನ್ನು ತಯಾರಿಸುವುದು ಒಂದೇ ಚಿತ್ರ ತಯಾರಿಸುವುದಕ್ಕಿಂತ ಬಹಳ ಕಷ್ಟ. ಗಡಿಯಾರದ ಹೊತ್ತನ್ನು ನೆರಳಿನ ಉದ್ದ, ದಿಕ್ಕಿನೊಂದಿಗೆ ತಾಳೆ ನೋಡಬೇಕು. ತೆಗೆದವರಿಗೆ ಫೋನ್ ಮಾಡಿ ಎಲ್ಲಿ ನಿಂತಿದ್ದಿರಿ, ಎಡಗಡೆ ಏನಿತ್ತು, ಈ ಹೆಸರನ್ನು ಯಾರು ಹೇಳಿದರು ಎಂದು ಕೇಳಬೇಕು. ಅನುಭವವಿರುವ ಫೋಟೊ ಎಡಿಟರ್‌ಗೆ ಇದು ಹದಿನೈದು ನಿಮಿಷದ ಕೆಲಸ. ರಾತ್ರಿ ಪಾಳಿಯಲ್ಲಿ ಆ ಹದಿನೈದು ನಿಮಿಷ ಕೊಡಬಲ್ಲ ಒಬ್ಬರನ್ನು ಉಳಿಸಿಕೊಳ್ಳುವ ಪತ್ರಿಕೆ, ಕ್ಯಾಮೆರಾ ಯಾವುದೇ ಇರಲಿ, ತನ್ನ ಚಿತ್ರದ ಬಗ್ಗೆ ಬಂದ ಪ್ರಶ್ನೆಗೆ ಮರುದಿನ ಬೆಳಿಗ್ಗೆ ಉತ್ತರ ಕೊಡಬಲ್ಲದು.